ಎತ್ತರ ತೋರಿಸುವ ಗಡಿಯಾರವೆಲ್ಲ ಆಕಾಶಜಿಗಿತಕ್ಕೆ ಸಲ್ಲದು

ಕೈಗಡಿಯಾರದ ವ್ಯಾಪಾರದಲ್ಲಿ ಕಳೆದ ಮೂರು ದಶಕಗಳಲ್ಲಿ ಆಗಿರುವ ಬದಲಾವಣೆಗಳಲ್ಲಿ ಒಂದನ್ನು ವರ್ತಕರು ಚೆನ್ನಾಗಿ ಬಲ್ಲರು. ಗಂಟೆ, ನಿಮಿಷ ತೋರಿಸುವುದಕ್ಕಷ್ಟೇ ಸೀಮಿತವಾಗಿದ್ದ ಗಡಿಯಾರ ಇಂದು ದಿಕ್ಕು, ಉಷ್ಣಾಂಶ, ವಾಯುಭಾರ, ನಾಡಿಬಡಿತ ಹಾಗೂ ಸಮುದ್ರಮಟ್ಟದಿಂದ ಎತ್ತರವನ್ನೂ ತೋರಿಸುತ್ತದೆ. ಬೆಟ್ಟ ಹತ್ತುವ ಯುವಕರು ಇಂಥ ಗಡಿಯಾರಗಳ ಮುಖ್ಯ ಗ್ರಾಹಕರು. ಆದರೆ ಕೆಲವೊಮ್ಮೆ ಬೇರೊಂದು ಬಗೆಯ ಗ್ರಾಹಕನೂ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ಆತ ವಿಮಾನದಿಂದ ಜಿಗಿದು ಪ್ಯಾರಾಶೂಟ್ ಬಿಚ್ಚುವ ಸ್ಕೈಡೈವಿಂಗ್ ಕ್ರೀಡೆಗೆ ಸೇರಿಕೊಂಡವನು. ಅವನು ಕೇಳುವುದು ಒಂದೇ ಪ್ರಶ್ನೆ: ‘ಇದರಲ್ಲಿ ಆಲ್ಟಿಮೀಟರ್ ಇದೆಯಲ್ಲ, ಜಿಗಿಯುವಾಗ ಇದನ್ನೇ ಕಟ್ಟಿಕೊಳ್ಳಬಹುದೆ?’

ಈ ಪ್ರಶ್ನೆಗೆ ಅಂಗಡಿಯವನು ಕೊಡುವ ಉತ್ತರದ ಮೇಲೆ ಒಂದು ಮಾರಾಟ ನಿಂತಿದೆ. ಗ್ರಾಹಕನ ಪ್ರಾಣವೂ ನಿಂತಿದೆ. 2020ರಿಂದೀಚೆಗೆ ವರ್ತಕನ ಕಾನೂನಿನ ಹೊಣೆಗಾರಿಕೆಯೂ ಅದೇ ಉತ್ತರದ ಮೇಲೆ ನಿಂತಿದೆ. ಆದ್ದರಿಂದ ವಿಷಯ ಸಣ್ಣದೆಂದು ತೋರಿದರೂ ಸ್ವಲ್ಪ ವಿವರವಾಗಿಯೇ ಪರಿಶೀಲಿಸುವುದು ಉಚಿತ.

ಎತ್ತರವನ್ನು ಅಳೆಯುವ ಬಗೆ

ಆಲ್ಟಿಮೀಟರ್ ಎಂಬುದು ಮೂಲತಃ ಒಂದು ವಾಯುಭಾರಮಾಪಕ. ಅದು ಎತ್ತರವನ್ನು ನೇರವಾಗಿ ಅಳೆಯುವುದಿಲ್ಲ. ಗಾಳಿಯ ಒತ್ತಡವನ್ನು ಅಳೆದು, ಅದರಿಂದ ಎತ್ತರವನ್ನು ಲೆಕ್ಕ ಹಾಕುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಪ್ರಮಾಣಿತ ಒತ್ತಡ 1013.25 ಹೆಕ್ಟೋಪ್ಯಾಸ್ಕಲ್. ನೆಲದ ಸಮೀಪದಲ್ಲಿ ಸುಮಾರು 27 ಅಡಿ ಮೇಲೇರಿದರೆ ಒಂದು ಹೆಕ್ಟೋಪ್ಯಾಸ್ಕಲ್‌ನಷ್ಟು ಒತ್ತಡ ಇಳಿಯುತ್ತದೆ. ಮೇಲೇರಿದಂತೆ ಈ ಇಳಿಕೆಯ ದರವೂ ಕಡಿಮೆಯಾಗುತ್ತದೆ. 13,000 ಅಡಿಯಲ್ಲಿ ಒತ್ತಡ ಸುಮಾರು 620 ಹೆಕ್ಟೋಪ್ಯಾಸ್ಕಲ್ ಇರುತ್ತದೆ.

1844ರಲ್ಲಿ ಫ್ರಾನ್ಸ್ ದೇಶದ ಲೂಸಿಯನ್ ವಿದಿ ಎಂಬಾತ ಪಾದರಸವಿಲ್ಲದ ವಾಯುಭಾರಮಾಪಕವನ್ನು ರೂಪಿಸಿದ. ಗಾಳಿ ತೆಗೆದು ಮುಚ್ಚಿದ ತೆಳು ಲೋಹದ ಡಬ್ಬಿಯೊಂದು ಹೊರಗಿನ ಒತ್ತಡ ಇಳಿದಾಗ ಉಬ್ಬುತ್ತದೆ, ಏರಿದಾಗ ಕುಗ್ಗುತ್ತದೆ. ಈ ಚಲನೆಯನ್ನು ಸಣ್ಣ ಹಲ್ಲುಚಕ್ರಗಳ ಮೂಲಕ ಮುಳ್ಳಿಗೆ ತಲುಪಿಸಲಾಗುತ್ತದೆ. 1928ರಲ್ಲಿ ಪಾಲ್ ಕೋಲ್ಸ್‌ಮನ್ ಈ ತತ್ವದ ಮೇಲೆಯೇ ವಿಮಾನಕ್ಕೆ ಬೇಕಾದ ಸೂಕ್ಷ್ಮ ಆಲ್ಟಿಮೀಟರನ್ನು ತಯಾರಿಸಿದ. ಮರುವರ್ಷ ಜೇಮ್ಸ್ ಡೂಲಿಟಲ್ ಹೊರಗಿನದೇನೂ ಕಾಣದಂತೆ ಮುಚ್ಚಿದ ವಿಮಾನಕೋಣೆಯಲ್ಲಿ ಕುಳಿತು, ಉಪಕರಣಗಳನ್ನಷ್ಟೇ ನೋಡಿ ವಿಮಾನ ಹಾರಿಸಿ ಇಳಿಸಿದಾಗ ಬಳಸಿದ್ದು ಅದನ್ನೇ. ಇಂದಿನ ಸ್ಕೈಡೈವಿಂಗ್ ಮುಳ್ಳಿನ ಆಲ್ಟಿಮೀಟರ್‌ನ ಒಳಗೂ ಇರುವುದು ಇದೇ ಡಬ್ಬಿ. ಅಂಕಿ ತೋರಿಸುವ ಉಪಕರಣಗಳಲ್ಲಿ ಡಬ್ಬಿಯ ಬದಲು ಸಿಲಿಕಾನ್ ಸಂವೇದಕವಿರುತ್ತದೆ.

ಹಾಗಾದರೆ ಚಾರಣದ ಗಡಿಯಾರದಲ್ಲಿಯೂ ಅದೇ ಬಗೆಯ ಸಂವೇದಕವಿದ್ದ ಮೇಲೆ ವ್ಯತ್ಯಾಸವೆಲ್ಲಿ ಬಂತು? ವ್ಯತ್ಯಾಸ ಸಂವೇದಕದಲ್ಲಿಲ್ಲ, ಅದನ್ನು ಎಷ್ಟು ಹೊತ್ತಿಗೊಮ್ಮೆ ಓದಲಾಗುತ್ತದೆ ಎಂಬುದರಲ್ಲಿದೆ. ಇದನ್ನು ಅರಿಯಲು ಸ್ವಲ್ಪ ಲೆಕ್ಕ ಬೇಕು.

ಐದು ಸೆಕೆಂಡಿನ ಬೆಲೆ

ಹೊಟ್ಟೆಯನ್ನು ನೆಲದ ಕಡೆಗೆ ಮಾಡಿ ಬೀಳುವ ಸಾಮಾನ್ಯ ಜಿಗಿತಗಾರನ ವೇಗ, ಗಾಳಿಯ ತಡೆಯಿಂದ, ಗಂಟೆಗೆ ಸುಮಾರು 190 ಕಿಲೋಮೀಟರ್‌ಗೆ ಬಂದು ನಿಲ್ಲುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 53 ಮೀಟರ್ ಅಥವಾ 173 ಅಡಿ. ಮೊದಲ 1,000 ಅಡಿ ಬೀಳಲು ಸುಮಾರು 10 ಸೆಕೆಂಡು ಹಿಡಿದರೆ, ಅನಂತರದ ಪ್ರತಿ 1,000 ಅಡಿಗೆ ಐದೂವರೆಯಿಂದ ಆರು ಸೆಕೆಂಡು ಸಾಕು. 13,000 ಅಡಿಯಿಂದ ಜಿಗಿದವನಿಗೆ ಪ್ಯಾರಾಶೂಟ್ ಬಿಚ್ಚುವವರೆಗೆ ದೊರೆಯುವುದು ಸುಮಾರು ಒಂದು ನಿಮಿಷ ಮಾತ್ರ. ತಲೆ ಕೆಳಗಾಗಿ ಬೀಳುವ ಪರಿಣತರ ವೇಗ ಗಂಟೆಗೆ 240 ಕಿಲೋಮೀಟರ್‌ ದಾಟುವುದರಿಂದ ಅವರಿಗೆ ಅಷ್ಟೂ ಸಿಗುವುದಿಲ್ಲ.

ಅಮೆರಿಕದ ಪ್ಯಾರಾಶೂಟ್ ಸಂಘವಾದ ಯುಎಸ್‌ಪಿಎ ತನ್ನ ಸದಸ್ಯರಿಗೆ ಪ್ಯಾರಾಶೂಟ್ ಬಿಚ್ಚಲೇಬೇಕಾದ ಕನಿಷ್ಠ ಎತ್ತರವನ್ನು ನಿಗದಿಪಡಿಸಿದೆ. ವಿದ್ಯಾರ್ಥಿಗಳಿಗೆ ಮತ್ತು ಮೊದಲ ಹಂತದ ಪರವಾನಗಿ ಉಳ್ಳವರಿಗೆ ಇದು 3,000 ಅಡಿ. ಹಿರಿಯ ಪರವಾನಗಿದಾರರಿಗೆ ಮೊದಲು 2,000 ಅಡಿ ಇತ್ತು. 2013ರಲ್ಲಿ ಅದನ್ನು 2,500 ಅಡಿಗೆ ಏರಿಸಲಾಯಿತು. 2,500 ಅಡಿಯಿಂದ ನೆಲ ಮುಟ್ಟಲು, ಏನೂ ಬಿಚ್ಚದೆ ಬಿದ್ದರೆ, ಹದಿನಾಲ್ಕು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಅಷ್ಟರೊಳಗೆ ಪ್ಯಾರಾಶೂಟ್ ಪೂರ್ತಿ ಅರಳಬೇಕು. ಅರಳದಿದ್ದರೆ ದೋಷವೇನೆಂದು ಗುರುತಿಸಿ, ಅದನ್ನು ಕಳಚಿ, ಮೀಸಲು ಪ್ಯಾರಾಶೂಟ್ ಎಳೆಯಬೇಕು.

ಈಗ ಗಡಿಯಾರದ ಕಡೆಗೆ ಬಂದರೆ, ಕ್ಯಾಸಿಯೋ ಪ್ರೋಟ್ರೆಕ್ ಶ್ರೇಣಿಯ ಹಳೆಯ ಹಲವು ಮಾದರಿಗಳಲ್ಲಿ ಎತ್ತರದ ಗುಂಡಿ ಒತ್ತಿದ ಮೇಲೆ ಮೊದಲ ಮೂರು ನಿಮಿಷ ಪ್ರತಿ 5 ಸೆಕೆಂಡಿಗೊಮ್ಮೆ, ಅನಂತರ ಎರಡು ನಿಮಿಷಕ್ಕೊಮ್ಮೆ ಅಳತೆ ನಡೆಯುತ್ತದೆ. ಬ್ಯಾಟರಿ ಉಳಿಸಲು ಮಾಡಿದ ಏರ್ಪಾಡು ಇದು. ಕುದುರೆಮುಖ ಹತ್ತುವವನಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಎರಡು ನಿಮಿಷದಲ್ಲಿ ಆತ ಏರುವುದು ಹತ್ತಾರು ಅಡಿಯಷ್ಟೇ. ಆದರೆ ಬೀಳುತ್ತಿರುವವನು 5 ಸೆಕೆಂಡಿನಲ್ಲಿ ಸುಮಾರು 865 ಅಡಿ ಇಳಿದಿರುತ್ತಾನೆ. ಗಡಿಯಾರ 3,500 ಅಡಿ ಎಂದು ತೋರಿಸುತ್ತಿರುವಾಗ ಆತ 2,650 ಅಡಿಯ ಆಸುಪಾಸಿನಲ್ಲಿರಬಹುದು.

ಇದಕ್ಕಿಂತ ಗಂಭೀರವಾದ ಮತ್ತೊಂದು ಅಂಶವನ್ನು ಹಲವರು ಗಮನಿಸುವುದಿಲ್ಲ. ಜಿಗಿತದ ವಿಮಾನ 13,000 ಅಡಿಗೆ ಏರಲು ಮೂರು ನಿಮಿಷಕ್ಕಿಂತ ಹೆಚ್ಚೇ ಹಿಡಿಯುತ್ತದೆ. ನೆಲದಲ್ಲಿ ಗುಂಡಿ ಒತ್ತಿ ಹೊರಟವನ ಗಡಿಯಾರ, ಬಾಗಿಲು ತೆರೆಯುವ ಹೊತ್ತಿಗೆ ಎರಡು ನಿಮಿಷಕ್ಕೊಮ್ಮೆ ಅಳೆಯುವ ಕ್ರಮಕ್ಕೆ ಹೊರಳಿರುತ್ತದೆ. ಜಿಗಿತದ ಪೂರ್ತಿ ಅವಧಿಯೇ ಒಂದು ನಿಮಿಷ. ಹೀಗಾಗಿ ವಿಮಾನದ ಬಾಗಿಲಲ್ಲಿ ಕಂಡ 13,000 ಎಂಬ ಅಂಕಿಯೇ 2,500 ಅಡಿಯಲ್ಲಿಯೂ ಕಾಣುತ್ತಿರಬಹುದು. ಕೆಟ್ಟು ನಿಂತ ಗಡಿಯಾರವಾದರೂ ದಿನಕ್ಕೆರಡು ಸಲ ಸರಿಯಾದ ಸಮಯ ತೋರಿಸುತ್ತದೆಂಬ ಸಮಾಧಾನ ಇಲ್ಲಿಗೆ ಹೊಂದದು. ಇತ್ತೀಚಿನ ಮಾದರಿಗಳಲ್ಲಿ ಅಳತೆಯ ಅಂತರ ಕಡಿಮೆಯಾಗಿದೆ ಎಂಬುದು ನಿಜ. ಆದರೂ ಸಣ್ಣ ಅಂಕಿಗಳನ್ನು ಗಾಳಿಯ ರಭಸದಲ್ಲಿ, ಕೈಗವಸು ತೊಟ್ಟು, ಕನ್ನಡಕದ ಹಿಂದಿನಿಂದ ಅರೆಕ್ಷಣದಲ್ಲಿ ಓದಬೇಕೆಂಬ ತೊಡಕು ಹಾಗೆಯೇ ಉಳಿಯುತ್ತದೆ.

ತಯಾರಕರು ಇದನ್ನು ಮುಚ್ಚಿಟ್ಟಿಲ್ಲ. ಸ್ಕೈಡೈವಿಂಗ್, ಹ್ಯಾಂಗ್ ಗ್ಲೈಡಿಂಗ್, ಪ್ಯಾರಾಗ್ಲೈಡಿಂಗ್ ಮಾಡುವಾಗ ಎತ್ತರದ ಅಳತೆಗೆ ಈ ಗಡಿಯಾರವನ್ನು ನೆಚ್ಚಬಾರದು ಎಂಬ ಎಚ್ಚರಿಕೆ ಕ್ಯಾಸಿಯೋ ಕೈಪಿಡಿಗಳಲ್ಲಿದೆ. ಫಿನ್ಲೆಂಡಿನ ಸುಂಟೋ ಕಂಪೆನಿಯ ವೆಕ್ಟರ್ ಮೊದಲಾದ ಮಾದರಿಗಳ ಕೈಪಿಡಿಯೂ ಇದೇ ಅರ್ಥದ ಮಾತನ್ನು ಹೇಳುತ್ತದೆ. ಗಾರ್ಮಿನ್ ಕಂಪೆನಿ ತನ್ನ ಕೆಲವು ಗಡಿಯಾರಗಳಲ್ಲಿ ‘ಜಂಪ್‌ಮಾಸ್ಟರ್’ ಎಂಬ ಸೌಲಭ್ಯವನ್ನೇ ಕೊಟ್ಟಿದೆ. ಗಾಳಿಯ ವೇಗ ಮತ್ತು ದಿಕ್ಕು ನೋಡಿ ಎಲ್ಲಿ ಜಿಗಿದರೆ ಎಲ್ಲಿ ಇಳಿಯಬಹುದೆಂದು ಅದು ಲೆಕ್ಕ ಹಾಕುತ್ತದೆ. ಆದರೆ ಅದು ಅನುಭವಿಗಳಿಗೆ ಮಾತ್ರ, ಮುಖ್ಯ ಆಲ್ಟಿಮೀಟರ್ ಆಗಿ ಬಳಸತಕ್ಕದ್ದಲ್ಲ ಎಂದು ಅದೇ ಕೈಪಿಡಿ ಎಚ್ಚರಿಸುತ್ತದೆ. ಹೀಗೆ ‘ಸ್ಕೈಡೈವಿಂಗ್ ಸೌಲಭ್ಯವುಳ್ಳ ಗಡಿಯಾರ’ ಎಂಬುದಕ್ಕೂ ‘ಸ್ಕೈಡೈವಿಂಗ್ ಆಲ್ಟಿಮೀಟರ್’ ಎಂಬುದಕ್ಕೂ ಅಂತರವಿದೆ. ಜಾಹೀರಾತು ಮೊದಲನೆಯದನ್ನು ಹೇಳುತ್ತದೆ, ಕೈಪಿಡಿ ಎರಡನೆಯದನ್ನು ನಿರಾಕರಿಸುತ್ತದೆ. ಖರೀದಿಸುವವನು ಓದಬೇಕಾದದ್ದು ಕೈಪಿಡಿಯನ್ನು.

2014ರಲ್ಲಿ ಸ್ವಿಟ್ಜರ್ಲೆಂಡಿನ ಓರಿಸ್ ಕಂಪೆನಿ ತಾನೇ ಚಾವಿ ತಿರುಗುವ ಯಾಂತ್ರಿಕ ಗಡಿಯಾರದೊಳಗೆ ಯಾಂತ್ರಿಕ ಆಲ್ಟಿಮೀಟರನ್ನೂ ಅಳವಡಿಸಿ ಮಾರುಕಟ್ಟೆಗೆ ತಂದಿತು. ಕುಶಲಕಲೆಯ ದೃಷ್ಟಿಯಿಂದ ಅದು ಮೆಚ್ಚತಕ್ಕ ವಸ್ತು. ಜಿಗಿತಗಾರನ ಮಣಿಕಟ್ಟಿಗಿಂತ ಸಂಗ್ರಹಕಾರನ ಪೆಟ್ಟಿಗೆಗೆ ಅದು ಹೆಚ್ಚು ಒಪ್ಪುತ್ತದೆ.

ಮೈಸೂರಿನ ಸೊನ್ನೆ

ಅಳತೆಯ ವೇಗ ಸರಿಯಿದ್ದರೂ ಉಳಿಯುವ ಇನ್ನೊಂದು ಪ್ರಶ್ನೆ: ಯಾವುದರಿಂದ ಎತ್ತರ? ಚಾರಣಿಗನಿಗೆ ಬೇಕಾದದ್ದು ಸಮುದ್ರಮಟ್ಟದಿಂದ ಎತ್ತರ. ಮುಳ್ಳಯ್ಯನಗಿರಿಯ ತುದಿಯಲ್ಲಿ ಗಡಿಯಾರ 1,925 ಮೀಟರಿನ ಸಮೀಪದ ಅಂಕಿ ತೋರಿಸಿದರೆ ಆತನಿಗೆ ಸಂತೋಷ. ಜಿಗಿತಗಾರನಿಗೆ ಸಮುದ್ರದಿಂದ ಆಗಬೇಕಾದದ್ದೇನೂ ಇಲ್ಲ, ತಾನು ಇಳಿಯುವ ನೆಲ ಎಷ್ಟು ದೂರವಿದೆಯೆಂಬುದಷ್ಟೇ ಆತನಿಗೆ ಬೇಕು.

ಮೈಸೂರಿನಲ್ಲಿ 2010ರ ದಶಕದಲ್ಲಿ ಸ್ಕೈಡೈವಿಂಗ್ ಶಿಬಿರಗಳು ನಡೆದಿದ್ದುದು ಓದುಗರಲ್ಲಿ ಕೆಲವರಿಗೆ ನೆನಪಿರಬಹುದು. ಮೈಸೂರು ನಗರ ಸಮುದ್ರಮಟ್ಟದಿಂದ ಸುಮಾರು 760 ಮೀಟರ್, ಅಂದರೆ ಹತ್ತಿರ ಹತ್ತಿರ 2,500 ಅಡಿ ಎತ್ತರದಲ್ಲಿದೆ. ಈ ಅಂಕಿ ಮೇಲೆ ಹೇಳಿದ ಕನಿಷ್ಠ ಎತ್ತರಕ್ಕೆ ಸರಿಸಮವಾಗಿರುವುದು ಆಕಸ್ಮಿಕವಾದರೂ ಪಾಠ ಕಲಿಸುವಂಥದ್ದು. ಸಮುದ್ರಮಟ್ಟಕ್ಕೆ ಹೊಂದಿಸಿದ ಗಡಿಯಾರ ಕಟ್ಟಿಕೊಂಡು ಮೈಸೂರಿನ ಮೇಲೆ ಜಿಗಿದವನು ‘2,500 ಅಡಿ ಬರಲಿ, ಬಿಚ್ಚುತ್ತೇನೆ’ ಎಂದು ಕಾದರೆ, ಆ ಅಂಕಿ ಕಾಣುವುದು ನೆಲ ಮುಟ್ಟಿದಾಗ. ಬೆಂಗಳೂರು ಮೈಸೂರಿಗಿಂತಲೂ ಎತ್ತರದಲ್ಲಿದೆ. ಮಂಗಳೂರಿನ ಕಡಲತೀರದಲ್ಲಿ ಈ ತಪ್ಪು ಬಹುತೇಕ ಕಾಣಿಸುವುದೇ ಇಲ್ಲ. ತಪ್ಪು ಒಂದು ಊರಿನಲ್ಲಿ ಅಡಗಿ ಇನ್ನೊಂದು ಊರಿನಲ್ಲಿ ಪ್ರಾಣ ತೆಗೆಯುವಂತಿದ್ದರೆ ಅಂಥ ಉಪಕರಣವನ್ನು ನಂಬುವುದು ಹೇಗೆ?

ಸ್ಕೈಡೈವಿಂಗ್‌ಗೆಂದೇ ಮಾಡಿದ ಮುಳ್ಳಿನ ಆಲ್ಟಿಮೀಟರ್‌ನಲ್ಲಿ ಇದಕ್ಕೆ ಸರಳ ಪರಿಹಾರವಿದೆ. ವಿಮಾನ ಹತ್ತುವ ಮುನ್ನ ನೆಲದ ಮೇಲೆ ನಿಂತು, ಬದಿಯ ತಿರುಪು ಅಥವಾ ಅಂಚಿನ ಬಳೆ ತಿರುಗಿಸಿ ಮುಳ್ಳನ್ನು ಸೊನ್ನೆಗೆ ತರಲಾಗುತ್ತದೆ. ಅಂಕಿ ತೋರಿಸುವ ಉಪಕರಣಗಳು ನೆಲದಲ್ಲಿರುವಾಗ ತಾವೇ ಸೊನ್ನೆಯನ್ನು ಹೊಂದಿಸಿಕೊಳ್ಳುತ್ತವೆ. ಹವಾಮಾನ ಬದಲಾದಂತೆ ಗಾಳಿಯ ಒತ್ತಡವೂ ಏರಿಳಿಯುವುದರಿಂದ ಪ್ರತಿ ಜಿಗಿತಕ್ಕೂ ಮುನ್ನ ಇದನ್ನು ನೋಡಿಕೊಳ್ಳಬೇಕು. ವಿಮಾನ ಏರುವುದು ಒಂದು ಕಡೆ, ಇಳಿಯುವುದು ಇನ್ನೊಂದು ಕಡೆಯಾದರೆ ಎರಡೂ ನೆಲಗಳ ಎತ್ತರದ ಅಂತರವನ್ನು ಕೂಡಿಸಿಯೋ ಕಳೆದೋ ಹೊಂದಿಸಬೇಕಾಗುತ್ತದೆ. 2023ರ ನವೆಂಬರಿನಲ್ಲಿ ಪುಣೆಯ ಶೀತಲ್ ಮಹಾಜನ್ ಎವರೆಸ್ಟ್ ಶಿಖರದ ಮುಂದೆ 21,500 ಅಡಿ ಎತ್ತರದಿಂದ ಜಿಗಿದರು. ಆ ಪ್ರದೇಶದಲ್ಲಿ ಇಳಿಯುವ ನೆಲವೇ ಸಮುದ್ರಮಟ್ಟದಿಂದ ಹನ್ನೆರಡು ಸಾವಿರ ಅಡಿಗೂ ಮೇಲಿದೆ. ಅಂಥಲ್ಲಿ ಸೊನ್ನೆ ಎಲ್ಲಿದೆ ಎಂಬುದೇ ಎಲ್ಲಕ್ಕಿಂತ ಮೊದಲ ಪ್ರಶ್ನೆ.

ಲೆಕ್ಕಪತ್ರದಲ್ಲಿ ಆರಂಭಿಕ ಶಿಲ್ಕು ತಪ್ಪಾಗಿದ್ದರೆ ಮುಂದಿನ ಕೂಡುವಿಕೆ ಎಷ್ಟೇ ನಿಖರವಾಗಿದ್ದರೂ ಅಖೈರು ಶಿಲ್ಕು ಸರಿಬಾರದು ಎಂಬುದನ್ನು ವರ್ತಕರಿಗೆ ಹೇಳಬೇಕಾಗಿಲ್ಲ.

ಆಯ್ಕೆಗೆ ಇರುವ ಉಪಕರಣಗಳು

ಇಂದು ಮಾರುಕಟ್ಟೆಯಲ್ಲಿ ಮೂರು ಬಗೆಗಳಿವೆ. ಮೊದಲನೆಯದು ಕೈಗೆ ಕಟ್ಟುವ ಮುಳ್ಳಿನ ಆಲ್ಟಿಮೀಟರ್. ಅಮೆರಿಕದ ಫ್ಲೋರಿಡಾ ರಾಜ್ಯದ ಆಲ್ಟಿ-2 ಕಂಪೆನಿಯ ‘ಗ್ಯಾಲಕ್ಸಿ’ ಇದರಲ್ಲಿ ಬಹಳ ಹೆಸರಾದದ್ದು. ಹೊಸಬರಿಗೆ ಶಿಕ್ಷಕರು ಸಾಮಾನ್ಯವಾಗಿ ಇದನ್ನೇ ಸೂಚಿಸುತ್ತಾರೆ. ಅದಕ್ಕೆ ಕಾರಣವಿದೆ. ದೊಡ್ಡ ಮುಖ, ಒಂದೇ ಮುಳ್ಳು, ಕೆಳಗಿನ ಎತ್ತರಗಳಿಗೆ ಹಳದಿ ಮತ್ತು ಕೆಂಪು ಪಟ್ಟಿ. ಅಂಕಿಯನ್ನು ಓದಬೇಕಾಗಿಯೇ ಇಲ್ಲ, ಮುಳ್ಳು ಯಾವ ಬಣ್ಣದತ್ತ ಸಾಗುತ್ತಿದೆಯೆಂದು ಕಂಡರೆ ಸಾಕು. ಗಾಬರಿಯಲ್ಲಿರುವ ಮನಸ್ಸು ನಾಲ್ಕು ಅಂಕಿಗಳನ್ನು ಓದಿ ಅರ್ಥ ಮಾಡಿಕೊಳ್ಳುವುದಕ್ಕಿಂತ ಮುಳ್ಳಿನ ಸ್ಥಾನವನ್ನು ಬೇಗ ಗ್ರಹಿಸುತ್ತದೆ. ಬ್ಯಾಟರಿಯ ಚಿಂತೆಯೂ ಇಲ್ಲ. ಆದರೆ ಯಂತ್ರವಾದ್ದರಿಂದ ಸ್ವಲ್ಪ ತಡವರಿಸುತ್ತದೆ. 500 ಅಡಿಯಷ್ಟು ಹೆಚ್ಚುಕಡಿಮೆಯನ್ನು ನಿರೀಕ್ಷಿಸಬೇಕೆಂದು ಯುಎಸ್‌ಪಿಎ ಕೈಪಿಡಿ ತಿಳಿಸುತ್ತದೆ. ಕೆಳಗೆ ಬಿದ್ದು ಪೆಟ್ಟಾದರೆ, ನೀರು ಹೊಕ್ಕರೆ ಮತ್ತೆ ಪರೀಕ್ಷೆ ಮಾಡಿಸದೆ ಬಳಸುವಂತಿಲ್ಲ.

ಎರಡನೆಯದು ಅಂಕಿ ತೋರಿಸುವ ಉಪಕರಣ. ಡೆನ್ಮಾರ್ಕಿನ ಲಾರ್ಸನ್ ಅಂಡ್ ಬ್ರುಸ್‌ಗಾರ್ಡ್ ಕಂಪೆನಿಯ ‘ವಿಸೋ’, ‘ಆರೆಸ್’, ಆಲ್ಟಿ-2 ಕಂಪೆನಿಯ ‘ನೆಪ್ಚೂನ್’, ‘ಅಟ್ಲಾಸ್’ ಈ ವರ್ಗದವು. ಇವುಗಳಲ್ಲಿ ಕೆಲವು ಗಾತ್ರದಲ್ಲಿ ದೊಡ್ಡ ಕೈಗಡಿಯಾರದಂತೆಯೇ ಇದ್ದು, ಗಡಿಯಾರದ ಆಸೆಯಿಂದ ಬಂದವನಿಗೆ ನ್ಯಾಯವಾಗಿ ತೋರಿಸಬೇಕಾದವು ಇವೇ. ಬೀಳುವಾಗ ಇವು ಒತ್ತಡವನ್ನು ಎಡೆಬಿಡದೆ ಓದುತ್ತವೆ. ಜಿಗಿದ ಎತ್ತರ, ಬಿಚ್ಚಿದ ಎತ್ತರ, ಬಿದ್ದ ವೇಗ, ಒಟ್ಟು ಜಿಗಿತಗಳ ಸಂಖ್ಯೆ ಇವೆಲ್ಲವನ್ನೂ ದಾಖಲಿಸಿಡುತ್ತವೆ. ದಿನಚರಿ ಬರೆಯುವ ಅಭ್ಯಾಸವಿಲ್ಲದವರಿಗೆ ಇದು ದೊಡ್ಡ ಅನುಕೂಲ. ಬ್ಯಾಟರಿ ಮುಗಿಯುತ್ತಿರುವ ಸೂಚನೆಯನ್ನು ಅಲಕ್ಷಿಸುವುದು ಮಾತ್ರ ಸಲ್ಲದು. ಎತ್ತರದಲ್ಲಿ ಪ್ರತಿ ಸಾವಿರ ಅಡಿಗೆ ಸುಮಾರು ಎರಡು ಡಿಗ್ರಿ ಸೆಲ್ಸಿಯಸ್‌ನಂತೆ ಚಳಿ ಏರುತ್ತದೆ. ಬಲಗುಂದಿದ ಬ್ಯಾಟರಿ ಅಲ್ಲಿಯೇ ಕೈಕೊಡುವ ಸಂಭವ ಹೆಚ್ಚು.

ಮೂರನೆಯದು ಹೆಲ್ಮೆಟಿನೊಳಗೆ ಕಿವಿಯ ಬಳಿ ಇಡುವ, ನಿಗದಿತ ಎತ್ತರಗಳಲ್ಲಿ ಸದ್ದು ಮಾಡುವ ಉಪಕರಣ. ಕಣ್ಣಿಗೆ ಕಾಣುವ ಆಲ್ಟಿಮೀಟರಿಗೆ ಇದು ಜೊತೆಗಾರ, ಬದಲಿಯಲ್ಲ. ಗಾಳಿಯ ಭೋರ್ಗರೆತದಲ್ಲಿ, ಏಕಾಗ್ರತೆಯಲ್ಲಿ ಮುಳುಗಿದವನಿಗೆ ಸದ್ದು ಕೇಳಿಸದೇ ಹೋದ ಪ್ರಸಂಗಗಳು ಈ ಕ್ರೀಡೆಯಲ್ಲಿ ಅಪರೂಪವಲ್ಲ.

ಯಾವುದನ್ನು ಕೊಂಡರೂ ಕಟ್ಟುವ ಸ್ಥಳ ಮುಖ್ಯ. ಬೀಳುವವನ ದೇಹದ ಹಿಂಭಾಗದಲ್ಲಿ ಗಾಳಿ ಸುಳಿಸುಳಿಯಾಗಿ ಒತ್ತಡ ಕಡಿಮೆಯಿರುತ್ತದೆ. ಆಲ್ಟಿಮೀಟರ್ ಆ ಸುಳಿಯೊಳಗೆ ಸಿಲುಕಿದರೆ, ಕಡಿಮೆ ಒತ್ತಡವನ್ನು ಹೆಚ್ಚಿನ ಎತ್ತರವೆಂದು ತಿಳಿದು ಸಾವಿರ ಅಡಿಯವರೆಗೆ ಅಧಿಕವಾಗಿ ತೋರಿಸಬಹುದು. ಬೆನ್ನ ಮೇಲೆ ಬೀಳುವವನ ಎದೆಗೆ ಕಟ್ಟಿದ ಆಲ್ಟಿಮೀಟರ್ ಈ ತಪ್ಪಿಗೆ ಗುರಿಯಾಗುತ್ತದೆ. ಮುಳ್ಳು ಅಳುಕಿದಂತೆ ಕಂಡರೆ ಕೈಯನ್ನು ಸುಳಿಯ ಹೊರಗೆ ಚಾಚಿ ಮತ್ತೆ ನೋಡಬೇಕು. ಉಪಗ್ರಹದ ನೆರವಿನ ಜಿಪಿಎಸ್ ಎತ್ತರಕ್ಕೆ ಈ ಸುಳಿಯ ಕಾಟವಿಲ್ಲ. ಆದರೆ ಎತ್ತರದ ಅಳತೆಯಲ್ಲಿ ಅದರ ನಿಖರತೆ ಅಡ್ಡಳತೆಗಿಂತ ಕಡಿಮೆ. ಮೈ ತಿರುಗಿದಾಗ ಸಂಕೇತ ತಪ್ಪುವ ಭಯವೂ ಇದೆ.

ಅವಧಿ ಮುಗಿಯುವ ಆಸ್ತಿ

ಆಲ್ಟಿಮೀಟರ್ ನೋಡಲು ಮರೆತರೆ ಅಥವಾ ಪ್ರಜ್ಞೆ ತಪ್ಪಿದರೆ ಗತಿಯೇನು? ಅದಕ್ಕಾಗಿ ಮೀಸಲು ಪ್ಯಾರಾಶೂಟಿನ ಚೀಲದೊಳಗೆ ಎಎಡಿ ಎಂಬ ಸ್ವಯಂಚಾಲಿತ ಸಾಧನ ಇರಿಸಲಾಗುತ್ತದೆ. ಜರ್ಮನಿಯ ಏರ್‌ಟೆಕ್ ಕಂಪೆನಿಯ ಹೆಲ್ಮುಟ್ ಕ್ಲಾತ್ 1991ರಲ್ಲಿ ಮಾರುಕಟ್ಟೆಗೆ ತಂದ ‘ಸೈಪ್ರೆಸ್’ ಈ ಕ್ಷೇತ್ರದ ಸ್ವರೂಪವನ್ನೇ ಬದಲಿಸಿತು. ಪರಿಣತರ ಮಾದರಿಯಲ್ಲಿ, ಸುಮಾರು 750 ಅಡಿ ಎತ್ತರದಲ್ಲಿಯೂ ಧರಿಸಿದವನು ಸೆಕೆಂಡಿಗೆ 35 ಮೀಟರಿಗಿಂತ ವೇಗವಾಗಿ ಬೀಳುತ್ತಿದ್ದರೆ, ಸಣ್ಣ ಸಿಡಿಮದ್ದಿನ ಬಲದಿಂದ ಚೀಲ ಮುಚ್ಚಿದ ದಾರವನ್ನು ಅದು ಕತ್ತರಿಸುತ್ತದೆ. ಮೀಸಲು ಪ್ಯಾರಾಶೂಟ್ ತಾನಾಗಿ ಹೊರಬರುತ್ತದೆ. ಇದು ನೋಡುವ ಉಪಕರಣವಲ್ಲ, ಆಲ್ಟಿಮೀಟರಿನ ಖರ್ಚನ್ನು ಉಳಿಸಲು ಇದನ್ನು ನೆಚ್ಚುವುದು ವಿಮೆಯಿದೆಯೆಂದು ಅಂಗಡಿಗೆ ಬೀಗ ಹಾಕದಿರುವಂತೆ.

ಲೆಕ್ಕದ ದೃಷ್ಟಿಯಿಂದ ಈ ಸಾಧನ ಕುತೂಹಲಕರ. ಇದರ ಬೆಲೆ ಸಾವಿರ ಡಾಲರ್ ಮೀರುತ್ತದೆ. ಇದರ ಆಯುಷ್ಯವನ್ನು ತಯಾರಕರೇ ನಿಗದಿಪಡಿಸಿದ್ದಾರೆ. ಮೊದಲ ಪೀಳಿಗೆಯ ಸೈಪ್ರೆಸ್‌ಗೆ ಹನ್ನೆರಡು ವರ್ಷ, ಈಗಿನದಕ್ಕೆ ಹದಿನೈದೂವರೆ ವರ್ಷ, ಅದೂ ಕೊಂಡ ದಿನದಿಂದಲ್ಲ, ತಯಾರಾದ ದಿನದಿಂದ. ಬಳಸಿದರೂ ಬಳಸದಿದ್ದರೂ ಕಾಲ ಓಡುತ್ತದೆ. ಆದಾಯ ತೆರಿಗೆಯಲ್ಲಿ ಬಳಸುವ ಇಳಿಮೌಲ್ಯದ ಸವಕಳಿ ಪದ್ಧತಿಯಲ್ಲಿ ಆಸ್ತಿಯ ಮೌಲ್ಯ ವರ್ಷವರ್ಷವೂ ಕುಗ್ಗುತ್ತದೆಯೇ ಹೊರತು ಎಂದೂ ಪೂರ್ತಿ ಸೊನ್ನೆಯಾಗದು. ಇಲ್ಲಿ ವಾಸ್ತವ ಮೌಲ್ಯ ಒಂದು ನಿರ್ದಿಷ್ಟ ದಿನ ಸೊನ್ನೆಯಾಗಿಯೇ ತೀರುತ್ತದೆ. ತರಬೇತಿ ಸಂಸ್ಥೆಗಳು ತಮ್ಮ ಪುಸ್ತಕಗಳಲ್ಲಿ ಇದನ್ನು ಸಮಪ್ರಮಾಣ ಪದ್ಧತಿಯಲ್ಲಿ ಬರೆದು ಹಾಕುವುದೇ ಸರಿ.

ಹಳೆಯದನ್ನು ಕೊಳ್ಳುವವರೂ ಇದೇ ಲೆಕ್ಕ ಹಾಕಬೇಕು. ಹದಿನೈದೂವರೆ ವರ್ಷವೆಂದರೆ 186 ತಿಂಗಳು. 124 ತಿಂಗಳು ಕಳೆದ ಸಾಧನದಲ್ಲಿ ಉಳಿದಿರುವುದು ಮೂರನೆಯ ಒಂದು ಭಾಗ. ಮಾರುವವನು ‘ಹತ್ತೇ ಜಿಗಿತ ಆಗಿದೆ, ಹೊಸದರಂತಿದೆ’ ಎಂದು ಅರ್ಧ ಬೆಲೆ ಕೇಳಿದರೆ ಅದು ನಷ್ಟದ ವ್ಯಾಪಾರ.

ಆಲ್ಟಿಮೀಟರಿನ ಲೆಕ್ಕ ಇದಕ್ಕಿಂತ ಸರಳ. ಉದಾಹರಣೆಗೆ 20,000 ರೂಪಾಯಿಗೆ ಕೊಂಡ ಮುಳ್ಳಿನ ಆಲ್ಟಿಮೀಟರ್ ಹತ್ತು ವರ್ಷ ಬಾಳಿ, ವರ್ಷಕ್ಕೆ ನೂರು ಜಿಗಿತಕ್ಕೆ ಒದಗಿತೆಂದು ಭಾವಿಸಿದರೆ, ಜಿಗಿತವೊಂದಕ್ಕೆ ಬೀಳುವ ಖರ್ಚು 20 ರೂಪಾಯಿ. ವಿಮಾನದ ಸೀಟಿಗೆ, ಪ್ಯಾರಾಶೂಟ್ ಮಡಿಸುವವರಿಗೆ ಕೊಡುವ ಹಣದ ಮುಂದೆ ಇದು ಲೆಕ್ಕಕ್ಕೇ ಬಾರದು. ವರ್ಷಕ್ಕೆ ಎರಡು ಮೂರು ಸಲ ಮಾತ್ರ, ಶಿಕ್ಷಕನ ಎದೆಗೆ ಬಿಗಿದುಕೊಂಡು ಜಿಗಿಯುವವನು ಏನನ್ನೂ ಕೊಳ್ಳಬೇಕಾಗಿಲ್ಲ. ಆಲ್ಟಿಮೀಟರ್ ಶಿಕ್ಷಕನ ಕೈಯಲ್ಲಿರುತ್ತದೆ. ಈ ಸತ್ಯವನ್ನು ಗ್ರಾಹಕನಿಗೆ ಹೇಳುವ ಅಂಗಡಿಯವನು ಒಂದು ಮಾರಾಟ ಕಳೆದುಕೊಳ್ಳುತ್ತಾನೆ, ಆದರೆ ಗ್ರಾಹಕ ಮುಂದಿನ ಗಡಿಯಾರಕ್ಕೆ ಅದೇ ಅಂಗಡಿಗೆ ಬರುತ್ತಾನೆ.

ಮಾರುವವನ ಮಾತಿನ ಹೊಣೆ

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಆರನೆಯ ಅಧ್ಯಾಯ ಉತ್ಪನ್ನ ಹೊಣೆಗಾರಿಕೆಯನ್ನು ಕುರಿತದ್ದು. ಇದು 2020ರ ಜುಲೈ 20ರಿಂದ ಜಾರಿಯಲ್ಲಿದೆ. ತಯಾರಕನ ಹೊಣೆಯನ್ನು 84ನೇ ಕಲಂ ಹೇಳಿದರೆ, ಮಾರಾಟಗಾರನ ಹೊಣೆಯನ್ನು 86ನೇ ಕಲಂ ಹೇಳುತ್ತದೆ. ಅದರಲ್ಲಿನ ಎರಡು ಅಂಶಗಳು ಇಲ್ಲಿ ನೇರವಾಗಿ ಅನ್ವಯಿಸುತ್ತವೆ.

ತಯಾರಕರು ಕೊಡದ ಭರವಸೆಯನ್ನು ಮಾರಾಟಗಾರ ತಾನೇ ಪ್ರತ್ಯೇಕವಾಗಿ ಕೊಟ್ಟು, ವಸ್ತು ಆ ಭರವಸೆಗೆ ತಕ್ಕಂತೆ ನಡೆಯದೆ ಹಾನಿಯಾದರೆ, ಆ ಹಾನಿಗೆ ಮಾರಾಟಗಾರ ಬಾಧ್ಯ. ಅಪಾಯದ ಬಗ್ಗೆ ಅಥವಾ ಸರಿಯಾದ ಬಳಕೆಯ ಬಗ್ಗೆ ತಯಾರಕರು ಕೊಟ್ಟ ಎಚ್ಚರಿಕೆಯನ್ನು ಆತ ಗ್ರಾಹಕನಿಗೆ ತಲುಪಿಸದೆ, ಅದೇ ಹಾನಿಗೆ ಹತ್ತಿರದ ಕಾರಣವಾದರೂ ಬಾಧ್ಯನೇ. ಕೈಪಿಡಿಯಲ್ಲಿ ‘ಸ್ಕೈಡೈವಿಂಗ್‌ಗೆ ನೆಚ್ಚಬಾರದು’ ಎಂದಿರುವ ಗಡಿಯಾರವನ್ನು ‘ಧಾರಾಳವಾಗಿ ಬಳಸಿ ಸಾರ್’ ಎಂದು ಮಾರಿದವನ ಸ್ಥಿತಿ ಇದರಿಂದ ಸ್ಪಷ್ಟ. ಆ ಒಂದು ಮಾತು ಎರಡು ಅಂಶಗಳಿಗೂ ಒಮ್ಮೆಗೇ ಸಿಕ್ಕಿಕೊಳ್ಳುತ್ತದೆ. ತಯಾರಕ ಮಾತ್ರ ಎಚ್ಚರಿಕೆ ಅಚ್ಚು ಹಾಕಿರುವುದರಿಂದ ಬಹುಮಟ್ಟಿಗೆ ಸುರಕ್ಷಿತ.

ಇದಕ್ಕೆ ಎದುರಾಗಿ 87ನೇ ಕಲಂ ಮಾರಾಟಗಾರನಿಗೆ ರಕ್ಷಣೆಯನ್ನೂ ಕೊಡುತ್ತದೆ. ಹಾನಿಯ ಸಮಯದಲ್ಲಿ ವಸ್ತುವನ್ನು ದುರ್ಬಳಕೆ ಮಾಡಲಾಗಿತ್ತು ಅಥವಾ ಮಾರ್ಪಡಿಸಲಾಗಿತ್ತು ಎಂದಾದರೆ ಆತನ ವಿರುದ್ಧ ದಾವೆ ನಿಲ್ಲದು. ಆದರೆ ದುರ್ಬಳಕೆಗೆ ಪ್ರೇರಣೆ ಕೊಟ್ಟವನೇ ದುರ್ಬಳಕೆಯ ವಾದ ಹೂಡಿದರೆ ಆಯೋಗ ಒಪ್ಪುವ ಸಂಭವ ಕಡಿಮೆ. ಬಿಲ್ಲಿನ ಮೇಲೆ ‘ಕೈಪಿಡಿ ಹಾಗೂ ಬಳಕೆಯ ಎಚ್ಚರಿಕೆ ನೀಡಲಾಗಿದೆ’ ಎಂಬ ಒಂದು ಸಾಲು ಮುದ್ರಿಸಿ ಗ್ರಾಹಕನ ಸಹಿ ಪಡೆಯುವುದು ಖರ್ಚಿಲ್ಲದ ಮುನ್ನೆಚ್ಚರಿಕೆ. ಪೆಟ್ಟಿಗೆ ಮತ್ತು ಕೈಪಿಡಿಯಿಲ್ಲದೆ ಬರಿಯ ಗಡಿಯಾರವನ್ನು ಕಡಿಮೆ ಬೆಲೆಗೆ ಮಾರುವ ರೂಢಿ ಕೆಲವೆಡೆ ಇದೆ. ಕಾನೂನಿನ ದೃಷ್ಟಿಯಿಂದ ಅತ್ಯಂತ ಅಪಾಯಕಾರಿಯಾದ ರಿಯಾಯಿತಿ ಅದೇ. ತಯಾರಕ ಯಾರೆಂದೇ ತಿಳಿಯದ ಸರಕಿನ ವಿಷಯದಲ್ಲಂತೂ ಮಾರಿದವನೇ ಉತ್ತರ ಹೇಳಬೇಕಾಗುತ್ತದೆ.

ಆಮದು ಮಾಡುವವರಿಗೆ ಮತ್ತೊಂದು ಮಾತು. ಸುಂಕದ ಪಟ್ಟಿಯಲ್ಲಿ ಅಳತೆಯ ಉಪಕರಣಗಳು 90ನೇ ಅಧ್ಯಾಯದಲ್ಲಿಯೂ ಗಡಿಯಾರಗಳು 91ನೇ ಅಧ್ಯಾಯದಲ್ಲಿಯೂ ಬರುತ್ತವೆ. ಸಮಯವನ್ನೂ ಎತ್ತರವನ್ನೂ ತೋರಿಸುವ ಸರಕನ್ನು ಯಾವುದರಲ್ಲಿ ತೋರಿಸಬೇಕೆಂಬ ಪ್ರಶ್ನೆ ಬಂದೇ ಬರುತ್ತದೆ. ಸರಕು ಬಂದರಿಗೆ ಬಂದ ಮೇಲೆ ವಾದಿಸುವುದಕ್ಕಿಂತ ಮುಂಗಡ ತೀರ್ಪು ಪಡೆದುಕೊಳ್ಳುವುದು ಲೇಸು.

ಸಣ್ಣ ತಯಾರಕರು ಗಮನಿಸಬೇಕಾದ ಊರು

ಫ್ಲೋರಿಡಾದ ಡೆಲ್ಯಾಂಡ್ ಒಂದು ಸಣ್ಣ ಪಟ್ಟಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ವಾಯುನೆಲೆಯಾಗಿದ್ದ ಅಲ್ಲಿನ ವಿಮಾನ ನಿಲ್ದಾಣ ಮುಂದೆ ಜಿಗಿತಗಾರರ ತಾಣವಾಯಿತು. ಜಿಗಿಯುವವರ ಹಿಂದೆಯೇ ತಯಾರಕರು ಬಂದರು. ಪ್ಯಾರಾಶೂಟ್ ಹೊಲಿಯುವ ಪರ್ಫಾರ್ಮೆನ್ಸ್ ಡಿಸೈನ್ಸ್, ಪ್ಯಾರಾಶೂಟಿನ ಚೀಲ ಮಾಡುವ ಯುನೈಟೆಡ್ ಪ್ಯಾರಾಶೂಟ್ ಟೆಕ್ನಾಲಜೀಸ್, ಆಲ್ಟಿಮೀಟರ್ ಮಾಡುವ ಆಲ್ಟಿ-2 ಮೂರೂ ಆ ಊರಿನವೇ. ಕೆಟ್ಟ ಪ್ಯಾರಾಶೂಟನ್ನು ಕ್ಷಣಾರ್ಧದಲ್ಲಿ ಕಳಚುವ ಮೂರು ಉಂಗುರಗಳ ಏರ್ಪಾಡನ್ನು 1970ರ ದಶಕದಲ್ಲಿ ಕಂಡುಹಿಡಿದ ಬಿಲ್ ಬೂತ್ ಕೂಡ ಅಲ್ಲಿನ ತಯಾರಕರಲ್ಲೊಬ್ಬರು. ಬೆಳಗ್ಗೆ ಮಾಡಿದ ಮಾದರಿಯನ್ನು ಮಧ್ಯಾಹ್ನ ಪಕ್ಕದ ಮೈದಾನದಲ್ಲಿಯೇ ಜಿಗಿದು ಪರೀಕ್ಷಿಸಬಹುದಾದ ಅನುಕೂಲ ದೊಡ್ಡ ಕಾರ್ಖಾನೆಗಳಿಗೂ ಇಲ್ಲ.

ಈ ಮಾರುಕಟ್ಟೆ ಚಿಕ್ಕದು. ಯುಎಸ್‌ಪಿಎ ವರದಿಯಂತೆ 2023ರಲ್ಲಿ ಅಮೆರಿಕದಲ್ಲಿ ಸುಮಾರು 36.5 ಲಕ್ಷ ಜಿಗಿತಗಳು ನಡೆದು, ಸತ್ತವರು ಹತ್ತು ಮಂದಿ. ಜಿಗಿತಗಳ ಸಂಖ್ಯೆ ದೊಡ್ಡದಾಗಿ ಕಂಡರೂ ಒಬ್ಬೊಬ್ಬರೇ ನೂರಾರು ಸಲ ಜಿಗಿಯುವುದರಿಂದ ಕೊಳ್ಳುವವರ ಸಂಖ್ಯೆ ಸಣ್ಣದೇ. ಗಡಿಯಾರದ ದೊಡ್ಡ ಕಂಪೆನಿಗಳು ಇತ್ತ ಕಣ್ಣು ಹಾಯಿಸದಿರಲು ಇದೇ ಕಾರಣವಿರಬೇಕು. ಅಷ್ಟು ಕಡಿಮೆ ಸಂಖ್ಯೆಗೆ ಅಷ್ಟು ದೊಡ್ಡ ಹೊಣೆ ಹೊರುವುದಕ್ಕಿಂತ ಕೈಪಿಡಿಯಲ್ಲಿ ಎರಡು ಸಾಲಿನ ಎಚ್ಚರಿಕೆ ಅಚ್ಚು ಹಾಕುವುದು ಅವರಿಗೆ ಅಗ್ಗ. ಆ ಬಿಟ್ಟ ಜಾಗದಲ್ಲಿಯೇ ಡೆನ್ಮಾರ್ಕಿನ ಮತ್ತು ಡೆಲ್ಯಾಂಡಿನ ಸಣ್ಣ ಕಂಪೆನಿಗಳು ಬೇರೂರಿವೆ.

ಭಾರತದಲ್ಲಿ ವಾಯುಪಡೆಯ ‘ಆಕಾಶ ಗಂಗಾ’ ತಂಡ 1987ರಿಂದ ಇದೆ. ನಾಗರಿಕರ ಜಿಗಿತಕ್ಕೆ 2020ರ ದಶಕದಲ್ಲಿ ಹರಿಯಾಣದ ನಾರ್ನೌಲ್ ಬಳಿ ಅವಕಾಶ ದೊರೆಯಿತು. ತೆಳು ಲೋಹದ ಬಿಡಿಭಾಗ ಒತ್ತುವ, ಹಲ್ಲುಚಕ್ರ ಕಡಿಯುವ ಕೌಶಲ ಬೆಂಗಳೂರಿಗೆ ಹೊಸದಲ್ಲ. ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ 1961ರಲ್ಲಿ ಎಚ್‌ಎಂಟಿ ಇಲ್ಲಿ ಗಡಿಯಾರ ತಯಾರಿಕೆ ಆರಂಭಿಸಿದಾಗಿನಿಂದ ಅದು ಬೆಳೆದು ಬಂತು. 2016ರಲ್ಲಿ ಎಚ್‌ಎಂಟಿ ಗಡಿಯಾರಗಳ ಕಂಪೆನಿ ಮುಚ್ಚುವ ನಿರ್ಧಾರವಾದರೂ ಕೌಶಲ ಸಣ್ಣ ಘಟಕಗಳಲ್ಲಿ ಉಳಿದಿದೆ. ಈ ಸರಕನ್ನು ಕೈಗೆತ್ತಿಕೊಳ್ಳಲು ಯೋಚಿಸುವವರಿಗೆ ಮೊದಲ ವೆಚ್ಚ ಯಂತ್ರದ್ದಲ್ಲ. ಗಾಳಿಯ ಒತ್ತಡವನ್ನು ಬೇಕಾದ ವೇಗದಲ್ಲಿ ಇಳಿಸಿ ಏರಿಸುವ ಪರೀಕ್ಷಾ ಪೆಟ್ಟಿಗೆ, ತಯಾರಾದ ಪ್ರತಿಯೊಂದು ಉಪಕರಣವನ್ನೂ ಅದರೊಳಗೆ 13,000 ಅಡಿಯಿಂದ ಒಂದು ನಿಮಿಷದಲ್ಲಿ ‘ಬೀಳಿಸಿ’ ದಾಖಲಿಸಿಡುವ ವ್ಯವಸ್ಥೆ, ಉತ್ಪನ್ನ ಹೊಣೆಗಾರಿಕೆಯ ವಿಮೆ ಇವು ಮೊದಲು ಬರುತ್ತವೆ. ವಿಮೆಯ ಕಂತು ಎಷ್ಟಾಗುವುದೆಂದು ತಿಳಿದ ಮೇಲೆಯೇ ಮಾರಾಟದ ಬೆಲೆಯನ್ನು ಕಟ್ಟುವುದು ಸಾಧ್ಯ.